ನೀರಿನ ಪಾರ್ಟಿ, ಗಿಡದ ಪಾರ್ಟಿ

ಮೊದಲಿಗೇ ಕ್ಷಮೆ ಕೇಳಿಬಿಡಬೇಕು. ಹಗಲು ದುಡಿದು ಸಂಜೆ ತರಗತಿಯಲ್ಲಿ ಓದಿದ ನನ್ನಂಥವರ ತಿಳಿವಳಿಕೆ ಎಷ್ಟಿದ್ದೀತು? ಭೂಮಿ ಬಿಸಿಯೇರಿ ಕಾಯುವುದು ದೊಡ್ಡ ಕಷ್ಟವೋ, ಲೋಕಕ್ಕೆಲ್ಲ ನೀರು ಸಾಲದೆ ಹೋಗುವುದು ದೊಡ್ಡ ಕಷ್ಟವೋ ಎಂದು ಚರ್ಚೆ ಮಾಡಲು ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಚರ್ಚೆ ಒಂದು ಊರಿಗೆ ಬಂದು, ಒಂದು ಮನೆಯ ಒಲೆಯ ಮುಂದೆ ಕೂತು ಏನು ಮಾಡಿತು ಎಂಬುದನ್ನು ಹೇಳದೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ತಪ್ಪು ಕಂಡಲ್ಲಿ ತಿದ್ದಿಕೊಂಡು ಓದಿ.

ಕುರುಗೋಡು ತಾಲ್ಲೂಕಿನಲ್ಲಿ, ಬಾದನಹಟ್ಟಿ ದಾಟಿದ ಮೇಲೆ ಸಿಗುವ ಊರು. ಅಲ್ಲಿಯ ಬೋರಿನ ನೀರು ಸವುಳು. ಅದರಲ್ಲಿ ಬೇಳೆ ಬೇಯುವುದಿಲ್ಲ. ಕುಡಿಯಲು ಇರುವುದು ಒಂದೇ ಕೆರೆ. ಬೇಸಿಗೆಗೆ ಕಾಲುವೆ ಬಂದ್ ಆಗುವ ಮೊದಲು, ಕುಡಿಯುವ ನೀರಿಗೆಂದು ಕೆಲವು ದಿನ ನೀರು ಬಿಡುತ್ತಾರೆ. ಆ ನೀರು ದೊಡ್ಡ ಕಾಲುವೆಯಿಂದ ಸಣ್ಣ ಕಾಲುವೆಗೆ ಇಳಿದು ಕೆರೆ ಸೇರಬೇಕು. ಅಷ್ಟು ದಿನದಲ್ಲಿ ಎಷ್ಟು ತುಂಬಿತೋ ಅಷ್ಟೇ. ಮಳೆ ಬರುವ ತನಕ ಊರು ಅದನ್ನೇ ಕುಡಿಯಬೇಕು.

ಆ ಸಣ್ಣ ಕಾಲುವೆಯ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ಒಳಗೆ ನಾಯಿಯೂ ನುಗ್ಗದಷ್ಟು ಮುಳ್ಳು.

ದೊಡ್ಡಬಸಮ್ಮ ಆ ಊರಿನ ಕೂಲಿ ಹೆಂಗಸು. ಮೆಣಸಿನಕಾಯಿ ಬಿಡಿಸಿ ಬಿಡಿಸಿ ಅವಳ ಬೆರಳಿನ ಉರಿ ಬೇಸಿಗೆ ಕಳೆದರೂ ಹೋಗುತ್ತಿರಲಿಲ್ಲ. ಗಂಡ ಗಾದೆಪ್ಪನೂ ಕೂಲಿಯೇ. ಆದರೆ ಊರಿನಲ್ಲಿ ಅವನಿಗೆ ಹೆಸರಿದ್ದದ್ದು ದುಡಿತಕ್ಕಲ್ಲ, ಮಾತಿಗೆ. ಸತ್ತ ಮನೆಯಲ್ಲಿಯೂ ಅವನು ಬಂದು ಕೂತನೆಂದರೆ ಅಳುವವರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮಗ ಹುಲುಗೇಶ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಸೊಸೆ ರೇಣುಕಾ ಮಹಿಳಾ ಸಂಘದ ಮುಂದಾಳು. ಸಂಘದ ಹೆಂಗಸರನ್ನು ಕಟ್ಟಿಕೊಂಡು, ಕೆರೆಯ ಹತ್ತಿರ ನೀರು ಹಿಡಿಯುವ ಜಾಗದಲ್ಲಿ ನಾಲ್ಕು ಹೊಂಗೆ ಸಸಿ ಹಚ್ಚಿ, ಕುರಿಗಳಿಂದ ಕಾಯ್ದು ಬೆಳೆಸಿದ್ದಳು. ಬಿಂದಿಗೆ ಇಟ್ಟು ಸರದಿ ಕಾಯುವವರೆಲ್ಲ ಅದರ ನೆರಳಿನಲ್ಲಿ ಕೂಡುತ್ತಿದ್ದರು.

ಆ ವರ್ಷ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಸಂಘದವರಿಗೆ ಒಂದು ತರಬೇತಿ ಇತ್ತು. ರೇಣುಕಾ ಹೋಗಿ ಬಂದಳು. ಬಂದವಳೇ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಪಕ್ಕದಲ್ಲಿ ಕೂತಳು.

"ಅತ್ತಿ, ಭೂಮಿ ಕಾಯಾಕತ್ತೈತಂತ. ಇನ್ನ ಮುಂದ ಬಿಸಿಲು ಇದಕ್ಕಿಂತ ಜಾಸ್ತಿ ಆಗ್ತೈತಂತ."

"ಬಳ್ಳಾರಿಯಾಗ ಬಿಸಿಲು ಐತಿ ಅಂತ ಹೇಳಾಕ ನಿನ್ನ ಬಸ್ ಹತ್ತಿಸಿ ಕರಸಿದ್ರೇನು? ನನ್ನ ಕೇಳಿದ್ರ ಕಟ್ಟಿ ಮ್ಯಾಲೆ ಕುಂತಲ್ಲೇ ಹೇಳ್ತಿದ್ದೆ."

"ನಗಬ್ಯಾಡ ಅತ್ತಿ. ಗಿಡ ಕಡಿಬಾರ್ದು, ಹಚ್ಚಬೇಕು ಅಂದ್ರು."

"ಗಿಡ ಹಚ್ಚಿದ್ರ ಅದಕ್ಕೇನು ನಿನ್ನ ಕಣ್ಣೀರು ಹಾಕ್ತೀಯೇನು? ಮೊದಲ ನೀರು ತರ್ರಿ. ಬಿಸಿಲಂತೂ ಅಜ್ಜನ ಕಾಲದಿಂದ ಐತಿ."

ಗಾದೆಪ್ಪ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. "ಹೆಂಡ್ತಿ ನೀರಿನ ಪಾರ್ಟಿ. ಸೊಸಿ ಗಿಡದ ಪಾರ್ಟಿ. ನಾನು ರೊಟ್ಟಿ ಪಾರ್ಟಿ. ಇವತ್ತು ರೊಟ್ಟಿ ಯಾರು ಬಡಿದ್ರು ಹೇಳ್ರಿ, ನನ್ನ ವೋಟು ಅವರಿಗೆ."

ಅತ್ತೆ ಸೊಸೆ ಇಬ್ಬರೂ ನಕ್ಕರು. ಒಟ್ಟಿಗೆ ನಕ್ಕದ್ದು ಆಮೇಲೆ ಬಹಳ ದಿನ ಅವರಿಗೆ ನೆನಪಿತ್ತು.

ಗ್ರಾಮಸಭೆ ಸೇರಿತು. ಪಂಚಾಯತಿ ಮೆಂಬರ್ ಮಾರೇಶ್ ಎದ್ದು ನಿಂತ.

"ಪಂಚಾಯತಿ ಕೂಲಿ ಕೆಲಸ ಈ ಸಲ ಒಂದ ಹಿಡಿಯಾಕ ಬರ್ತೈತಿ. ಸಣ್ಣ ಕಾಲುವಿ ಜಾಲಿ ಕಡಿಯೋದು ಒಂದು, ರಸ್ತಿ ಬಾಜೂ ಗಿಡ ಹಚ್ಚೋದು ಒಂದು. ಯಾವುದು ಬೇಕು, ನೀವ ಹೇಳ್ರಿ."

"ಕೇಳೋದೇನೈತಿ, ಕಾಲುವಿ!" ಎಂದಳು ದೊಡ್ಡಬಸಮ್ಮನ ನೆರೆಮನೆಯ ಜಡೆಮ್ಮ. "ಗಿಡ ನೆಕ್ಕಿದ್ರ ನೀರಡಿಕಿ ಹೋಗತೈತೇನು?"

ರೇಣುಕಾ ಎದ್ದಳು. "ಬಿಸಿಲಿಗೆ ಕೆರಿ ಆರಿ ಹೋದ್ರ ಏನು ಕುಡಿತೀ ಜಡೆಮ್ಮಕ್ಕ? ಲೋಕ ಎಲ್ಲಾ ಗಿಡ ಉಳಸಾಕತ್ತೈತಿ, ನಾವು ಕಡಿಯಾಕ ಸಭಾ ಮಾಡಾಕತ್ತೀವಿ."

"ಲೋಕ ಬಂದು ನಮ್ಮ ಕೊಡಾ ತುಂಬಸ್ತೈತೇನವಾ?" ಮಾರೇಶ್ ಕೈ ಬೀಸಿದ. "ಎರಡು ದಿನ ಬಳ್ಳಾರಿಗೆ ಹೋಗಿ ಬಂದು ನಮಗ ಬುದ್ಧಿ ಹೇಳಾಕ ಬಂದಾಳ."

ಜನ ನಕ್ಕರು, ದೊಡ್ಡಬಸಮ್ಮನೂ ನಕ್ಕಳು. ರೇಣುಕಾಳ ಮುಖ ಕೆಂಪಾಯಿತು. ನಗದಿದ್ದರೆ ಅವಳು ಮುಂದಿನ ಮಾತು ಆಡುತ್ತಿರಲಿಲ್ಲವೇನೋ.

"ಜಾಲಿನೂ ಗಿಡಾನ. ಒಂದು ಟೊಂಗಿ ಸೈತ ಮುಟ್ಟಾಕ ಬಿಡಂಗಿಲ್ಲ!"

ಸಂಘದ ಅರ್ಧ ಹೆಂಗಸರು ಅವಳ ಹಿಂದೆ ನಿಂತರು. ಉಳಿದರ್ಧ ದೊಡ್ಡಬಸಮ್ಮನ ಕಡೆ ಸರಿದರು. ಕೂಗಾಟಕ್ಕೆ ಸಭೆ ಮುರಿಯಿತು. ಮುಂದಿನ ಸಭೆಯೂ ಹಾಗೆಯೇ ಮುರಿಯಿತು. ಜಾಲಿಯನ್ನು ಯಾರೂ ಕಡಿಯಲಿಲ್ಲ, ಗಿಡವನ್ನೂ ಯಾರೂ ಹಚ್ಚಲಿಲ್ಲ. ಮನೆಯಲ್ಲಿ ಅತ್ತೆ ಸೊಸೆ ಒಬ್ಬರಿಗೊಬ್ಬರು ಮಾತು ಬಿಟ್ಟು, ಹೇಳುವುದನ್ನೆಲ್ಲ ಗಾದೆಪ್ಪನ ಮೂಲಕ ಹೇಳತೊಡಗಿದರು.

"ನಿಮ್ಮ ಸೊಸಿಗೆ ಹೇಳ್ರಿ, ಉಪ್ಪು ಮುಗದೈತಿ ಅಂತ."

"ರೇಣುಕಾ, ನೀರಿನ ಪಾರ್ಟಿಯವರು ಉಪ್ಪಿನ ಅರ್ಜಿ ಹಾಕ್ಯಾರ ನೋಡವಾ."

ಹೀಗಿರುವಾಗ ಒಂದು ಬೆಳಗ್ಗೆ ಕಾಲುವೆಗೆ ನೀರು ಬಿಟ್ಟರು. ಊರು ಓಡಿ ಹೋಗಿ ನೋಡಿತು. ನೀರು ಸಣ್ಣ ಕಾಲುವೆಗೆ ಇಳಿದು, ಒಂದಷ್ಟು ದೂರ ಚೆಂದಾಗಿಯೇ ಬಂದು, ಜಾಲಿಯ ಬೇಲಿಗೆ ಬಡಿದು ನಿಂತಿತು. ಕಸ, ಹುಲ್ಲು, ಪ್ಲಾಸ್ಟಿಕ್ ಎಲ್ಲ ಬಂದು ಮುಳ್ಳಿಗೆ ಸಿಕ್ಕಿ ಗೋಡೆ ಕಟ್ಟಿದಂತಾಯಿತು. ಗಂಡಸರು ಕೊಡಲಿ ಹಿಡಿದು ಇಳಿಯುವಷ್ಟರಲ್ಲಿ ಬದಿಯ ಒಡ್ಡು ಒಡೆಯಿತು. ನೀರು ಪಕ್ಕದ ಖಾಲಿ ಹೊಲಕ್ಕೆ ಹರಿಯಿತು. ಬಿರುಕು ಬಿಟ್ಟಿದ್ದ ಎರೆ ಮಣ್ಣು ಬಾಯಿ ತೆರೆದು ಕುಡಿಯಿತು. ಒಡ್ಡು ಕಟ್ಟಿ, ದಾರಿ ಬಿಡಿಸಿ ಮುಗಿಸುವ ಹೊತ್ತಿಗೆ ನೀರು ಬಿಡುವ ದಿನಗಳು ಮುಗಿದು, ಮೇಲೆ ಕಾಲುವೆ ಬಂದ್ ಆಗಿತ್ತು.

ಕೆರೆಗೆ ಬಂದದ್ದು ಮೊಣಕಾಲು ಮಟ್ಟದ ನೀರು.

ಊರಿಗೆ ಸಿಟ್ಟು ಬಂತು. ಸಿಟ್ಟು ಬಂದ ಊರಿಗೆ ಯಾವ ಗಿಡ ಯಾವುದು ಎಂದು ಕಾಣುವುದಿಲ್ಲ. ಇಟ್ಟಿಗೆ ಭಟ್ಟಿಗೆ ಕಟ್ಟಿಗೆ ಒಯ್ಯುವವನೊಬ್ಬ ಜೆಸಿಬಿ ತಂದ. ಕಾಲುವೆಯ ಜಾಲಿ ಹೋಯಿತು. ಕೆರೆಯ ಅಂಗಳದ ಜಾಲಿ ಹೋಯಿತು. ಅಲ್ಲಿಗೆ ನಿಲ್ಲಲಿಲ್ಲ. ಜೆಸಿಬಿ ನೀರು ಹಿಡಿಯುವ ಜಾಗಕ್ಕೆ, ಹೊಂಗೆಯ ಕಡೆಗೆ ತಿರುಗಿತು.

ರೇಣುಕಾ ಓಡಿ ಬಂದು ಅಡ್ಡ ನಿಂತಳು. "ಇವು ಜಾಲಿ ಅಲ್ಲಲೇ! ಹೊಂಗಿ! ನಾವು ಕೈಯಾರೆ ಹಚ್ಚಿದ್ದು!"

"ಎಲ್ಲಾ ಗಿಡಾನೂ ಒಂದ ಅಂತ ಸಭಾದಾಗ ನೀನ ಅಂದಿದ್ದಿಯಲ್ಲ," ಎಂದ ಮಾರೇಶ್. "ನೀರು ಕುಡಿಯೋವು ಎಲ್ಲಾ ಹೋಗ್ಲಿ."

ದೊಡ್ಡಬಸಮ್ಮ ಗುಂಪಿನಲ್ಲಿದ್ದಳು. ಖಾಲಿ ಕೊಡ ಸೊಂಟದಲ್ಲಿತ್ತು. ಅದೇ ನೆರಳಿನಲ್ಲಿ ಎಷ್ಟು ಸಲ ಕೂತು ಎಲೆ ಅಡಿಕೆ ಹಾಕಿದ್ದಳೋ. ಆದರೆ ಆ ಹೊತ್ತಿನಲ್ಲಿ ಅವಳಿಗೆ ಕಂಡದ್ದು ಗಿಡವಲ್ಲ, ಸೊಸೆಯ ಹಟ. ಕೊಡ ಕೆಳಗಿಟ್ಟು ಮುಂದೆ ಹೋದಳು. ರೇಣುಕಾಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು.

"ಸರಿ ಅತ್ಲಾಗ. ಊರು ಕೆಡಿಸಿದ್ದು ಸಾಕು."

ಹೊಂಗೆ ಬೀಳಲು ಜಾಲಿಯಷ್ಟು ಹೊತ್ತು ಹಿಡಿಯಲಿಲ್ಲ.

ಮೇ ತಿಂಗಳಿಗೆ ಕೆರೆಯ ತಳದ ಮಣ್ಣು ಕಂಡಿತು. ನೀರು ಹಿಡಿಯುವ ಅದೇ ಜಾಗಕ್ಕೆ ಟ್ಯಾಂಕರ್ ಬರತೊಡಗಿತು. ಬರುವ ಹೊತ್ತು ಯಾರಿಗೂ ಗೊತ್ತಿಲ್ಲ. ಹಾಗಾಗಿ ಬೆಳಗಿನಿಂದಲೇ ಕೊಡ ಸಾಲಿಗಿಟ್ಟು ಜನ ಬಿಸಿಲಿನಲ್ಲಿ ನಿಲ್ಲುತ್ತಿದ್ದರು. ನಾಲ್ಕು ಹೊಂಗೆಯ ಬುಡಗಳ ಮೇಲೆ ಕೂಡಲು ಮುದುಕಿಯರು ಜಗಳವಾಡುತ್ತಿದ್ದರು.

ಆ ದಿನ ಗಾದೆಪ್ಪ ಹೆಂಡತಿಯ ಜೊತೆ ಬಂದಿದ್ದ. ಬಿಸಿಲು ಏರಿದರೂ ಟ್ಯಾಂಕರ್ ಬರಲಿಲ್ಲ. ಅವನು ಟವೆಲ್ಲು ತಲೆಗೆ ಸುತ್ತಿ ಒಂದೇ ಸಮನೆ ಮಾತಾಡುತ್ತಿದ್ದ. ಟ್ಯಾಂಕರ್ ಬಂದು ಪೈಪ್ ಬಿಟ್ಟಾಗ ಅವನ ಮಾತು ನಿಂತಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಎಲ್ಲರ ಕಣ್ಣೂ ಪೈಪಿನ ಮೇಲಿತ್ತು. ಜಡೆಮ್ಮನ ಎರಡು ಕೊಡ ತುಂಬಿದವು. ಅವಳ ಹಿಂದೆಯೇ ದೊಡ್ಡಬಸಮ್ಮನ ಸರದಿ. ಪೈಪ್ ಗೊರ ಗೊರ ಎಂದು ನಿಂತಿತು.

"ಅಯಿಪೋಯಿಂದಮ್ಮಾ," ಎಂದ ತೆಲುಗಿನ ಡ್ರೈವರ್. "ಖಾಲಿ."

ಹಿಂದಿನಿಂದ ಕೊಡ ಉರುಳಿದ ಸದ್ದು ಬಂತು. ಗಾದೆಪ್ಪ ಬಿದ್ದಿದ್ದ. ಕಣ್ಣು ಮೇಲೆ ಸಿಕ್ಕಿತ್ತು. ಮೈ ಒಲೆಯ ಮೇಲಿನ ಹಂಚಿನಂತೆ ಕಾದಿತ್ತು, ಒಂದು ಹನಿ ಬೆವರಿಲ್ಲ.

ಸುದ್ದಿ ಕೇಳಿ ರೇಣುಕಾ ಮನೆಯಿಂದ ಓಡಿ ಬಂದಳು. ತರಬೇತಿಯಲ್ಲಿ ಹೇಳಿಕೊಟ್ಟದ್ದು ಅವಳಿಗೆ ನೆನಪಿತ್ತು.

"ಬಿಸಿಲು ಬಡದೈತಿ. ಆಂಬುಲೆನ್ಸಿಗೆ ಫೋನ್ ಹಚ್ಚರಿ, ನೂರಾ ಎಂಟಕ್ಕ! ಮೊದಲ ನೆರಳಿಗೆ ಒಯ್ಯರಿ. ಮೈ ತುಂಬ ನೀರು ಹಾಕಬೇಕು, ಗಾಳಿ ಬೀಸಬೇಕು. ಬಾಯಿಗೆ ಹಾಕಬ್ಯಾಡ್ರಿ, ಎಚ್ಚರಿಲ್ಲ, ಗಂಟಲಿಗೆ ಸಿಗತೈತಿ. ನೆರಳಿಗೆ ಎತ್ತರಿ!"

ನಾಲ್ಕು ಜನ ಎತ್ತಿದರು. ಎತ್ತಿಕೊಂಡು ನಿಂತರು. ಎಲ್ಲಿಗೆ ಒಯ್ಯುವುದು? ಸುತ್ತ ನೆರಳಿರಲಿಲ್ಲ. ನಡುಮಧ್ಯಾಹ್ನ, ಟ್ಯಾಂಕರಿನ ನೆರಳು ಟ್ಯಾಂಕರಿನ ಅಡಿಗೇ ಇತ್ತು. ಅದರಡಿಗೇ ಅವನನ್ನು ಸರಿಸಿದರು.

"ನೀರು," ಎಂದಳು ರೇಣುಕಾ.

ಯಾರೂ ಅಲುಗಲಿಲ್ಲ. ನೀರಿದ್ದದ್ದು ಜಡೆಮ್ಮನ ಬಳಿ. ಅವಳು ತನ್ನ ಎರಡು ಕೊಡಗಳನ್ನು ನೋಡಿದಳು. ಮನೆಯಲ್ಲಿ ಜ್ವರ ಬಂದ ಮೊಮ್ಮಗು ಇತ್ತು. ಅವಳು ನೋಡುತ್ತ ನಿಂತದ್ದು ಒಂದು ಗಳಿಗೆಯೂ ಇರಲಾರದು. ಆದರೆ ಆ ಗಳಿಗೆಯನ್ನು ಊರೆಲ್ಲ ನೋಡಿತು. ಆಮೇಲೆ ಒಂದು ಕೊಡ ಎತ್ತಿ ಗಾದೆಪ್ಪನ ಮೈಮೇಲೆ ಸುರಿದಳು. ಇನ್ನೊಂದನ್ನು ಕೊಡಲಿಲ್ಲ. ಕೊಡು ಎಂದು ಯಾರಿಗೂ ಕೇಳುವ ಬಾಯಿರಲಿಲ್ಲ. ದೊಡ್ಡಬಸಮ್ಮ ಒದ್ದೆಯಾದ ಮಣ್ಣಿಗೆ ಸೆರಗು ಒತ್ತಿ, ಅದನ್ನು ಗಂಡನ ಕಂಕುಳಿಗೆ, ಕುತ್ತಿಗೆಗೆ ಹಿಡಿದಳು. ಆಂಬುಲೆನ್ಸ್ ಬರುವ ತನಕ ಹಿಡಿದಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಗಾದೆಪ್ಪನ ಜೀವ ಉಳಿಯಿತು. ಹೊರಗಿನ ಬೆಂಚಿನ ಮೇಲೆ ಅತ್ತೆ ಸೊಸೆ ಕೂತಿದ್ದರು. ನಡುವೆ ಮಾತು ದಾಟಿಸಲು ಈಗ ಯಾರೂ ಇರಲಿಲ್ಲ.

"ನಿನ್ನ ರಟ್ಟಿ ಹಿಡಿದು ನಾನ ಎಳೆದೆ," ಎಂದಳು ದೊಡ್ಡಬಸಮ್ಮ.

ರೇಣುಕಾ ಅತ್ತೆಯ ಕಡೆ ತಿರುಗಿದಳು. "ಕಾಲುವಿ ಜಾಲಿ ಕಡಿಬೇಕಂತ ನನಗ ಎರಡನೇ ಸಭಾದಾಗ ಗೊತ್ತಾಗಿತ್ತು ಅತ್ತಿ. ಎಲ್ಲಾ ಗಿಡಾನೂ ಒಂದಲ್ಲ. ಜಾಲಿ ಕಾಲುವಿ ಕಟ್ಟತೈತಿ, ಬೇರು ಇಳಿಬಿಟ್ಟು ನೀರು ಎಳೀತೈತಿ. ಅದನ್ನ ಕಡಿದು, ಹೊಂಗಿ ಬೇವು ಹಚ್ಚಬೇಕಿತ್ತು. ಗೊತ್ತಿದ್ದೂ ಹೇಳಲಿಲ್ಲ."

"ಯಾಕವಾ?"

"ಹೇಳಿದ್ರ ನೀನು ನಗ್ತಿದ್ದಿ."

ದೊಡ್ಡಬಸಮ್ಮ ತಲೆ ತಗ್ಗಿಸಿದಳು. "ನಗ್ತಿದ್ದೆ," ಎಂದಳು. "ಊರ ಮುಂದ ನಗ್ತಿದ್ದೆ."

ಆಮೇಲೆ ಅವಳೇ ಕೇಳಿದಳು: "ಅಲ್ಲ ರೇಣುಕಾ, ಬಿಸಿಲಿಗೂ ನೀರಿಗೂ ಜಗಳ ಹಚ್ಚಿದವರು ಯಾರು? ನಿಮ್ಮ ಮಾವ ಬಿದ್ದಾಗ ನೆರಳು, ನೀರು ಎರಡೂ ಬೇಕಾದ್ವು. ಎರಡೂ ಇರಲಿಲ್ಲ."

"ನಾವ ಹಚ್ಚಿದ್ವಿ ಅತ್ತಿ. ಬಿಸಿಲು ಏರಿದಷ್ಟೂ ಕೆರಿ ಬೇಗ ಆರತೈತಿ. ಕೆರಿ ಆರಿದ್ರ ಗಿಡ ಉಳಿಯಂಗಿಲ್ಲ. ಗಿಡ ಹೋದ್ರ ಬಿಸಿಲು ಇನ್ನಷ್ಟು. ಯಾವುದು ಮೊದಲು ಅಂತ ಕೇಳಿಕೋತ ಕುಂತ್ವಿ."

ಮಳೆಗಾಲದ ಗ್ರಾಮಸಭೆಯಲ್ಲಿ ಈ ಇಬ್ಬರೂ ಒಟ್ಟಿಗೆ ಎದ್ದು ನಿಂತರು. ಕಾಲುವೆಯಲ್ಲಿ ಮತ್ತೆ ಚಿಗುರಿದ ಜಾಲಿಯನ್ನು ವರ್ಷವೂ ನೀರು ಬಿಡುವ ಮೊದಲೇ ಕೀಳಬೇಕು, ನೀರು ಹಿಡಿಯುವ ಜಾಗದಲ್ಲಿ ಹೊಂಗೆ ಹಚ್ಚಬೇಕು, ಎರಡೂ ಒಂದೇ ಕೆಲಸವೆಂದು ಬರೆಯಿರಿ ಎಂದರು. ಮಾರೇಶ್ ಒಪ್ಪಿದ. "ಕೈ ಎತ್ತರಿ," ಎಂದ.

ಎಲ್ಲರ ಕೈ ಮೇಲೆದ್ದವು. ಹಿಂದೆ ಕಂಬಕ್ಕೆ ಒರಗಿ ಗಾದೆಪ್ಪ ಕೂತಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಅವನ ನಡಿಗೆ ತಪ್ಪುತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಕೈಗಳನ್ನು ನೋಡಿ ಏನೋ ನೆನಪಾದವನಂತೆ ತುಟಿ ಅಲುಗಿಸಿದ.

"ರೊಟ್ಟಿ..." ಎಂದ. "ರೊಟ್ಟಿ ಯಾರು..."

ಮುಂದಿನದು ಬರಲಿಲ್ಲ. ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಊರಿಗೆಲ್ಲ ಹಬ್ಬಿದ್ದ ತಮಾಷೆ. ಆದರೂ ಯಾರೂ ನಗಲಿಲ್ಲ, ಯಾರೂ ಪೂರ್ತಿ ಮಾಡಲಿಲ್ಲ. ದೊಡ್ಡಬಸಮ್ಮ ಎತ್ತಿದ ಕೈ ಇಳಿಸದೆ ನಿಂತೇ ಇದ್ದಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನಲ್ಲಿಯೂ ಯಾರಾದರೂ ನೀರು ಮೊದಲೋ, ಬಿಸಿಲು ಮೊದಲೋ ಎಂದು ಕೇಳಿದರೆ, ಆ ಜಗಳಕ್ಕೆ ಕೂಡಬೇಡಿ. ನೀರು ಬರುವ ದಾರಿಯ ಜಾಲಿಯನ್ನು ನೀರು ಬರುವ ಮೊದಲೇ ತೆಗೆಯಿರಿ. ನೆರಳು ಕೊಡುವ ಗಿಡವನ್ನು ಯಾರ ಮೇಲಿನ ಸಿಟ್ಟಿಗೂ ಕಡಿಯಬೇಡಿ. ಪಾತ್ರೆ ತೊಳೆದ ನೀರನ್ನು ಸಸಿಗೆ ಹಾಕಿ. ಬಿಸಿಲು ಬಡಿದು ಬಿದ್ದವರಿಗೆ ನೆರಳು, ಮೈಗೆ ನೀರು, ನೂರಾ ಎಂಟಕ್ಕೆ ಫೋನ್; ಇದನ್ನು ಮನೆಯ ಎಲ್ಲರಿಗೂ ಹೇಳಿಕೊಡಿ. ತಿಳಿದದ್ದನ್ನು ನಗುವವರ ಮುಂದೆಯೂ ಹೇಳಿ. ಹೇಳುವವರನ್ನು ನೋಡಿ ನಗಬೇಡಿ.

ಹೊಂಗೆ ಇದ್ದಿದ್ದರೆ ಗಾದೆಪ್ಪ ಬೀಳುತ್ತಿರಲಿಲ್ಲವೇ, ಇನ್ನೊಂದು ಕೊಡ ಸುರಿದಿದ್ದರೆ ಮಾತು ಉಳಿಯುತ್ತಿತ್ತೇ ಎಂದು ದೊಡ್ಡಬಸಮ್ಮ ಡಾಕ್ಟರನ್ನು ಕೇಳಿದ್ದಳು. ಹಾಗೆ ಹೇಳಲು ಬರುವುದಿಲ್ಲ ಎಂದರು ಅವರು. ಹೊಸ ಸಸಿಗಳು ಈಗ ಮೊಣಕಾಲೆತ್ತರ ಇವೆ. ಅವು ನೆರಳಾಗುವ ತನಕ ಕಾಲುವೆಗೆ ವರ್ಷವೂ ನೀರು ಬರುತ್ತದೆಯೇ, ಬಿಸಿಲು ಅವುಗಳನ್ನು ಬಿಡುತ್ತದೆಯೇ, ನನಗೆ ಗೊತ್ತಿಲ್ಲ.