ವಾಟಿಯ ಮೇಲಿನ ಹಲ್ಲಿನ ಗುರುತು

ನನ್ನದಲ್ಲದ ತಾಳಿಯನ್ನು ಐದು ತಿಂಗಳು ಕೊರಳಲ್ಲಿ ಹಾಕಿಕೊಂಡು ತಿರುಗಿದವಳು ನಾನು. ಕದ್ದದ್ದಲ್ಲ ಮತ್ತೆ. ಪೊಲೀಸರೇ ಕರೆದು, ಕೈಗೊಂದು ಗುಲಾಬಿ ಕೊಟ್ಟು, ಫೋಟೋ ತೆಗೆಸಿ ಒಪ್ಪಿಸಿದ್ದು. ಯಾವ ಪೊಲೀಸ್ ಸ್ಟೇಷನ್ ಎಂದು ಕೇಳಬೇಡಿ. ಅದರ ಮುಂದೆಯೇ ನಾನು ಇವತ್ತಿಗೂ ಓಡಾಡಬೇಕು.

ನನ್ನ ಹೆಸರು ದಾನೇಶ್ವರಿ. ಊರು ವಿಜಯಪುರದ ಕಡೆ, ಈಗ ಇರುವುದು ಥಾಣೆ, ಕಲ್ಯಾಣ ದಾಟಿದ ಮೇಲೆ ಬರುವ ಟಿಟ್ವಾಳಾ. ಗಂಡ ಮಾಪಣ್ಣ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ. ನಾನು ದಿನಾ ಲೋಕಲ್ ಹಿಡಿದು ಥಾಣೆಗೆ ಹೋಗಿ, ವರ್ತಕ ನಗರದಲ್ಲಿ ಮೈಸೂರಿನ ಶ್ರೀವಿದ್ಯಾ ಅವರ ಮನೆಯಲ್ಲಿ ಅಡುಗೆ ಮಾಡುತ್ತೇನೆ. ಎರಡು ವರ್ಷದ ಹಿಂದೆ ಹೀಗೇ ಕೆಲಸಕ್ಕೆಂದು ಟಿಟ್ವಾಳಾದಲ್ಲಿ ರೈಲಿನ ಕಡೆ ನಡೆದು ಹೊರಟಾಗ ಬೈಕಿನಲ್ಲಿ ಬಂದವನೊಬ್ಬ ಹಿಂದಿನಿಂದ ತಾಳಿಗೆ ಕೈ ಹಾಕಿ ಕಿತ್ತುಕೊಂಡು ಹೋದ. ಮುಖ ಕಾಣಲಿಲ್ಲ. ನಮ್ಮವ್ವ ಮಾನಮ್ಮ ತೊಗರಿ ಹೊಲದಲ್ಲಿ ಕೂಲಿ ಮಾಡಿ ಮಾಡಿಸಿದ ತಾಳಿ ಅದು: ಎರಡು ಚಪ್ಪಟೆ ಬಿಲ್ಲೆ, ನಡುವೆ ಕೆಂಪು ಹವಳ. ಹವಾಲ್ದಾರನಿಗೆ ಎಲ್ಲ ಬಿಡಿಸಿ ಹೇಳಿದೆ. ಅವನು ಮಂಗಳಸೂತ್ರ ಒಂದು ಎಂದಷ್ಟೇ ಬರೆದುಕೊಂಡು ಕಳಿಸಿದ. ಗಂಡ ಇರುವವಳು ಬರಿಗೊರಳಲ್ಲಿ ಇರಬಾರದೆಂದು ಅವ್ವ ಫೋನಿನಲ್ಲೇ ಅತ್ತಳು. ಅರಿಶಿನ ಕೊಂಬನ್ನು ಹಳದಿ ದಾರಕ್ಕೆ ಕಟ್ಟಿ ಹಾಕಿಕೊಂಡೆ.

ಆಮೇಲೆ ಒಂದು ದಿನ ಕಳ್ಳ ಸಿಕ್ಕಿದ್ದಾನೆ, ಮಾಲೂ ಸಿಕ್ಕಿದೆ, ಬನ್ನಿ ಎಂದು ಫೋನು ಬಂತು. ಹೋದರೆ ದೊಡ್ಡ ಹಾಲ್, ಸಾಲು ಖುರ್ಚಿ, ಮೈಕು. ಕಳೆದುಕೊಂಡವರನ್ನು ಒಬ್ಬೊಬ್ಬರಾಗಿ ಸ್ಟೇಜಿಗೆ ಕರೆದು ಸಾಹೇಬರು ಅವರವರ ವಸ್ತು ಒಪ್ಪಿಸುತ್ತಿದ್ದರು. ಈ ಊರಿಗೆ ಬಂದ ಮೇಲೆ ಮೊದಲ ಸಲ ಒಬ್ಬ ಪೊಲೀಸು ನನಗೆ ಖುರ್ಚಿ ಎಳೆದು ಕೊಟ್ಟ. ನನ್ನ ಸರದಿ ಬಂದು ಸಾಹೇಬರು ಅಂಗೈಗೆ ಇಟ್ಟದ್ದನ್ನು ನೋಡಿದರೆ, ಕರಿಮಣಿಯ ತುದಿಗೆ ಎರಡು ಪುಟ್ಟ ಬಂಗಾರದ ಬಟ್ಟಲು. ಇಲ್ಲಿಯ ಮರಾಠಿ ಹೆಂಗಸರು ವಾಟಿ ಎಂದು ಹಾಕಿಕೊಳ್ಳುತ್ತಾರಲ್ಲ, ಅದು.

ನನ್ನದಲ್ಲ ಎಂಬ ಮಾತು ಬಾಯಿಯ ತನಕ ಬಂತು. ಎದುರಿಗೆ ಕ್ಯಾಮೆರಾ, ಕೆಳಗೆ ಚಪ್ಪಾಳೆ. ತನಿಖೆ ಮಾಡಿದ ಪಿಎಸ್‌ಐ ನನ್ನ ಕಿವಿಯ ಹತ್ತಿರ ಬಗ್ಗಿ, ಹಿಂದಿಯಲ್ಲಿ, ಬಹಳ ಮೃದುವಾಗಿ ಹೇಳಿದ: ನಿಮ್ಮದು ಇಷ್ಟು ಹೊತ್ತಿಗೆ ಕರಗಿ ಹೋಗಿರುತ್ತದೆ ಅಕ್ಕಾ, ಇದನ್ನೇ ತೊಗೊಳ್ಳಿ, ಕೋರ್ಟು ಕರೆದ ದಿನ ಬಂದು ನನ್ನದೇ ಎಂದುಬಿಟ್ಟರೆ ಕೇಸು ಮುಗಿಯಿತು. ನಾನು ಸಹಿ ಮಾಡಿದೆ. ತಪ್ಪು ಅವನದೆಷ್ಟು, ನನ್ನದೆಷ್ಟು ಎಂದು ದೇವರು ನೋಡಿಕೊಳ್ಳಲಿ, ಸಹಿ ಮಾತ್ರ ನನ್ನದೇ.

ಮನೆಗೆ ಬಂದು ಇದು ನಮ್ಮದಲ್ಲ ಎಂದೆ. ಮಾಪಣ್ಣ ವಾಟಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಬಂಗಾರದ ಮ್ಯಾಲ ಹೆಸರು ಬರದಿರ್ತದೇನು? ಹೋದದ್ದು ಬಂತು ಅಂತ ತಿಳಕೊಂಡು ಸುಮ್ನ ಹಾಕ್ಕೋ" ಎಂದ.

ಹಾಕಿಕೊಂಡೆ. ಹಳದಿ ದಾರವನ್ನು ಮಾತ್ರ ಬಿಚ್ಚಲಿಲ್ಲ. ಶ್ರೀವಿದ್ಯಾ ಅವರಿಗಂತೂ ಹಿಗ್ಗೋ ಹಿಗ್ಗು. ಸುಮ್ಮನೆ ಪೊಲೀಸರನ್ನು ಬೈಯುತ್ತೇವೆ, ಇಲ್ಲಿ ನೋಡಿ ಎಂದು ಬರೆದು ನನ್ನ ಫೋಟೋವನ್ನು ಸೊಸೈಟಿ ಗ್ರೂಪಿಗೆ ಹಾಕಿದರು. ಜನ ಸಾಲಾಗಿ ಕೈ ಮುಗಿದ ಚಿತ್ರ ಕಳಿಸಿದರಂತೆ. ನನ್ನ ಒಂದು ಸುಳ್ಳಿಗೆ ಇಡೀ ಬಿಲ್ಡಿಂಗು ಪೊಲೀಸರನ್ನು ನಂಬಿತು.

ಒಂದು ವಾಟಿಯ ಅಂಚು ನೆಗ್ಗಿತ್ತು. ಎರಡು ಸಣ್ಣ ಗುಳಿ, ಹಾಲುಹಲ್ಲಿನ ಗುರುತು. ರೈಲಿನಲ್ಲಿ ತೂಕಡಿಸುವಾಗ ನನ್ನ ಹೆಬ್ಬೆರಳು ತಾನಾಗಿ ಆ ಗುಳಿಗೆ ಹೋಗುತ್ತಿತ್ತು. ದಿವಾ ಸ್ಟೇಷನ್ ದಾಟಿ ಮುಂಬ್ರಾ ಗುಡ್ಡ ಬರುವಷ್ಟರಲ್ಲಿ ಕಣ್ಣು ಮುಚ್ಚುತ್ತಿದ್ದವು, ಆಗ ಕನಸಿನಲ್ಲಿ ಅವಳು ಬರುತ್ತಿದ್ದಳು, ಆ ವಾಟಿಯ ಒಡತಿ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ, ಅಂಗೈಯಿಂದ ಕೊರಳು ಮುಚ್ಚಿಕೊಂಡು ಕೂರುತ್ತಿದ್ದಳು. ನೋಡನೋಡುತ್ತ ಉಳಿದವರೆಲ್ಲ ಮಾಯವಾಗಿ ಲೇಡೀಸ್ ಡಬ್ಬಿಯಲ್ಲಿ ನಾವಿಬ್ಬರೇ. ಹಳಿಯ ಪಕ್ಕದ ಖಾಡಿಯಲ್ಲಿ ಸಮುದ್ರದ ಹಿನ್ನೀರು ಕಿಟಕಿಯ ಮಟ್ಟಕ್ಕೆ ಏರಿರುತ್ತಿತ್ತು, ರೈಲು ಸದ್ದಿಲ್ಲದೆ ನೀರಿನ ಮೇಲೆಯೇ ಹೋಗುತ್ತಿತ್ತು. ಆಚೆ ದಡದಲ್ಲಿ ತೊಗರಿ ಹಳದಿ ಹೂ ಬಿಟ್ಟಿರುತ್ತಿತ್ತು, ಅದರೊಳಗೆ ಅವ್ವ ಬಗ್ಗಿ ಏನನ್ನೋ ಹುಡುಕುತ್ತಿದ್ದಳು. ಸೀಟಿನ ತುದಿಯ ಈ ಹೆಂಗಸು ಬೈಯಲಿಲ್ಲ, ಬೇಡಲಿಲ್ಲ. ಥಾಣೆ ಬಂತೆಂದು ಹಿಂದಿನವರು ನೂಕಿದಾಗ ಎಚ್ಚರವಾಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಯಾರು ನನ್ನ ಕಡೆ ತಿರುಗಿದರೂ ಸೆರಗು ಎಳೆದುಕೊಳ್ಳುತ್ತಿದ್ದೆ. ನನಗೆ ನನ್ನ ಮೇಲೆಯೇ ಸಿಟ್ಟು.

ಐದನೇ ತಿಂಗಳಿಗೆ ಕಲ್ಯಾಣದ ಕೋರ್ಟಿನಿಂದ ಸಮನ್ಸ್ ಬಂತು. ತಾಳಿ ಹಾಕಿಕೊಂಡೇ ಬನ್ನಿ ಎಂದು ಪಿಎಸ್‌ಐ ಫೋನು ಮಾಡಿದ. ಹಿಡಿದವನ ಮೇಲೆ ಬೇರೆ ಸಾಕ್ಷಿ ಇಲ್ಲ, ಎಲ್ಲ ನಿಮ್ಮ ಮಾತಿನ ಮೇಲೆ ನಿಂತಿದೆ ಎಂದೂ ಹೇಳಿದ. ನನ್ನ ಮುಖ ನೋಡಿದ ಮಾಪಣ್ಣನಿಗೆ ಹೆದರಿಕೆ.

"ನಂದು ಅಂದು ಬಂದ್ಬಿಡು. ಪೊಲೀಸರ ಕೂಡ ಹಗೆ ಕಟಕೊಂಡು ಈ ಊರಾಗ ಬಾಳೇವು ಮಾಡಾಕ ಆಗ್ತದೇನು?"

ಕೋರ್ಟಿನ ವರಾಂಡದಲ್ಲಿ ಬೆಂಚಿನ ಮೇಲೆ ಕಾಯುತ್ತ ಕೂತೆ. ಪಕ್ಕದಲ್ಲಿ ನಾಲ್ಕು ವರ್ಷದ ಒಂದು ಹುಡುಗಿ, ಅದರಾಚೆ ಅದರ ತಾಯಿ. ಫ್ಯಾನು ತಿರುಗುತ್ತಿತ್ತು, ಹೆಸರು ಕೂಗುವ ದನಿ ದೂರದಿಂದ ಬರುತ್ತಿತ್ತು, ನನಗೂ ಜೋಂಪು. ಮಗು ನಿದ್ದೆಗಣ್ಣಿನಲ್ಲಿ ನನ್ನ ಮೇಲೆ ಒರಗಿತು. ಅದರ ಕೈ ನನ್ನ ಸೆರಗಿನೊಳಗೆ ಹತ್ತಿತು, ನೋಡದೆಯೇ ಎರಡು ವಾಟಿಯಲ್ಲಿ ಸರಿಯಾದ ವಾಟಿಯನ್ನು ಹಿಡಿಯಿತು, ಹೆಬ್ಬೆರಳು ಆ ಗುಳಿಯಲ್ಲಿ ಕೂತಿತು. ಮಗು ನಿದ್ದೆ ಹೋಯಿತು.

ತಾಯಿ ತಟ್ಟನೆ ಮಗುವಿನ ಕೈ ಎಳೆದುಕೊಂಡಳು. ಅವಳ ಇನ್ನೊಂದು ಕೈ ತನ್ನ ಕೊರಳನ್ನು ಮುಚ್ಚಿತ್ತು. ಕನಸಿನಲ್ಲಿ ಕಂಡ ಮುಖವೇ ಎಂದರೆ ಸುಳ್ಳಾದೀತು, ಆದರೆ ಆ ಕೈ ಅದೇ ಕೈ. ನಿಮ್ಮ ತಾಳಿ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದೆ. ಅವಳು ನನ್ನ ಕೊರಳನ್ನೇ ನೋಡುತ್ತ ಮರಾಠಿಯಲ್ಲಿ ಹೇಳಿದಳು: ಗಂಡನನ್ನು ಹಿಡಿಯಲು ಬಂದವರು ಕಳ್ಳಮಾಲು ಎಂದು ನನ್ನ ಕೊರಳಿನದನ್ನೂ ತೆಗೆದುಕೊಂಡು ಹೋದರು. ಹಿಂದೆಂದೋ ಒಂದು ಸಣ್ಣ ಕೇಸಿನಲ್ಲಿ ಅವನ ಹೆಸರಿತ್ತಂತೆ, ಅಷ್ಟೇ ಸಾಕಾಯಿತಂತೆ.

ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಕಟಕಟೆಯಲ್ಲಿ ನಿಂತೆ. ಸರಕಾರಿ ವಕೀಲರು ಕೊರಳಿನದು ನಿಮ್ಮದೇ ಅಲ್ಲವೇ ಎಂದರು. ಪಿಎಸ್‌ಐ ಬಾಗಿಲ ಹತ್ತಿರ ನಿಂತು ನನಗೆ ತಲೆಯಾಡಿಸಿದ. ಆರೋಪಿಯ ಜಾಗದಲ್ಲಿ ಒಬ್ಬ ಬಡಕಲು ಮನುಷ್ಯ, ಅವಳ ಗಂಡನೇ ಇರಬೇಕು, ನೆಲ ನೋಡುತ್ತಿದ್ದ. ಹಿಂದಿಯಲ್ಲಿ ಹೇಳಬೇಕೆಂದುಕೊಂಡದ್ದು ಕನ್ನಡದಲ್ಲೇ ಬಂತು.

"ಇದು ನಂದಲ್ಲರೀ. ಅವತ್ತು ನಂದು ಅಂತ ಸುಳ್ಳು ಸಹಿ ಮಾಡೀನಿ. ಹೊರಗ ಕುಂತಾಳಲ್ಲ, ಆಕೀದು."

ಯಾರಿಗೂ ತಿಳಿಯಲಿಲ್ಲ. ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದೆ. ಮ್ಯಾಜಿಸ್ಟ್ರೇಟರು ಪೆನ್ನು ನಿಲ್ಲಿಸಿ ನೋಡಿದರು, ಸುಳ್ಳು ಸಹಿಗೆ ನಿಮ್ಮ ಮೇಲೂ ಕ್ರಮ ಆಗಬಹುದು, ಗೊತ್ತೇ ಎಂದರು. ಗೊತ್ತು ಎಂದೆ. ಅವರು ಪ್ರತಿ ಮಾತನ್ನೂ ಬರೆಸಿಕೊಂಡರು. ನಾನು ಸರ ತೆಗೆದು ಮೇಜಿನ ಮೇಲೆ ಇಟ್ಟೆ. ಅದನ್ನು ಲಕೋಟೆಗೆ ಹಾಕಿ ಅರಗು ಒತ್ತಿದರು. ಈಗ ಜಾಮೀನು ಸಿಗುತ್ತದೆ ಎಂದು ಆ ಕಡೆಯ ವಕೀಲರು ಮೆಲ್ಲಗೆ ಹೇಳಿದ್ದು ಕೇಳಿಸಿತು.

ಹೊರಗೆ ಪಿಎಸ್‌ಐ ಕಾಯುತ್ತಿದ್ದ. ಗದರಲಿಲ್ಲ. ಅದೇ ಮೃದು ದನಿಯಲ್ಲಿ, ನಾಳೆ ನಿಮ್ಮ ಮನೆಯಲ್ಲಿ ಏನಾದರೂ ಕಳುವಾದರೆ ಯಾರ ಹತ್ತಿರ ಬರುತ್ತೀರಿ ಅಕ್ಕಾ ಎಂದು ಕೇಳಿದ. ನಾನು ಸೆರಗು ಹೊದ್ದು ಮೆಟ್ಟಿಲು ಇಳಿದೆ.

ಸಂಜೆ ಆಸನಗಾಂವ್ ಲೋಕಲ್ ಹತ್ತಿದೆ. ಮಗುವಿನ ತಾಯಿಯೂ ಅದೇ ಡಬ್ಬಿಗೆ ಹತ್ತಿ, ನನ್ನ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಕೂತಳು. ಅವಳಿಗೆ ಮುಂದೆ ವಾಸಿಂದ್‌ಗೆ ಹೋಗಬೇಕಿತ್ತು. ಮಗುವನ್ನು ನನ್ನ ಮಡಿಲಿಗೆ ಎಳೆದುಕೊಂಡೆ, ಅವಳು ತಡೆಯಲಿಲ್ಲ. ನನ್ನ ವಾಟಿ ಹಾಕಿಕೊಂಡವಳು ಹಾಳಾಗಿ ಹೋಗಲಿ ಎಂದು ದಿನಾ ದೀಪದ ಮುಂದೆ ಶಪಿಸುತ್ತಿದ್ದೆ ಎಂದಳು. ಶಾಪ ನ್ಯಾಯವಾಗಿಯೇ ಇತ್ತು.

ಮಗುವಿನ ಕೈ ಮತ್ತೆ ನನ್ನ ಕೊರಳಿಗೆ ಬಂತು. ವಾಟಿ ಸಿಗಲಿಲ್ಲ. ಸ್ವಲ್ಪ ತಡಕಾಡಿ ಅರಿಶಿನ ಕೊಂಬನ್ನು ಮುಷ್ಟಿಯಲ್ಲಿ ಹಿಡಿದು ಮಲಗಿತು. ಟಿಟ್ವಾಳಾ ಬಂದಾಗ ಬಿಡಿಸಲು ನೋಡಿದೆ, ಮುಷ್ಟಿ ಸಡಿಲಲಿಲ್ಲ. ಜನ ಇಳಿಯುತ್ತಿದ್ದರು. ದಾರವನ್ನೇ ಕೊರಳಿನಿಂದ ತೆಗೆದು ಅದರ ಕೈಯಲ್ಲಿ ಬಿಟ್ಟು ಇಳಿದೆ.

ಬರಿಗೊರಳಲ್ಲಿ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಮಾಪಣ್ಣ ತಲೆಯ ಮೇಲೆ ಕೈ ಹೊತ್ತು ಕೂತ, ಹುಚ್ಚಿ ಎಂದ, ಇನ್ನೂ ಏನೇನೋ ಬೈದ. ಬೈಯುತ್ತಲೇ ಎದ್ದು ಅಡುಗೆ ಕಟ್ಟೆಯ ಡಬ್ಬಿಗಳ ಮುಚ್ಚಳ ಒಂದೊಂದೇ ತೆಗೆದು ಅರಿಶಿನ ಕೊಂಬು ಹುಡುಕತೊಡಗಿದ.