ಹೆಜ್ಜೆ ಅಳಿಸಿ ಹೋದವನು

ನಮ್ಮ ಗುಡ್ಡದ ಕಡೆ ಅದಿರು ಹುಡುಕುವವರಿಗೆ ಒಂದು ಚಾಳಿ. ಎಲ್ಲಿ ಗುಂಡಿ ತೋಡುತ್ತೇವೆಂದು ಕಟ್ಟಿಕೊಂಡ ಹೆಂಡತಿಗೂ ಹೇಳುವುದಿಲ್ಲ. ಸೊಪ್ಪಿನ ಕೊಂಬೆಯೊಂದನ್ನು ಹಿಂದೆ ಎಳೆದುಕೊಂಡು, ತಮ್ಮ ಹೆಜ್ಜೆ ತಾವೇ ಅಳಿಸುತ್ತ ಹೋಗುತ್ತಾರೆ. ಜಾಗ ರಟ್ಟಾದರೆ ಬೇರೆಯವರು ನುಗ್ಗುತ್ತಾರೆಂಬ ಭಯ.

ನಾನು ಇಲ್ಲಿನ ಗಣಿ ಸಂಘದಲ್ಲಿ ಹಗ್ಗ, ಗುದ್ದಲಿ, ಸ್ಟ್ರೆಚರ್ ನೋಡಿಕೊಳ್ಳುವವಳು. ಎಲ್ಲರೂ ಹಗ್ಗದಕ್ಕ ಅನ್ನುತ್ತಾರೆ. ಯಾರಾದರೂ ಮನೆಗೆ ಬರಲಿಲ್ಲವೆಂದರೆ ಹುಡುಕಲು ಹೊರಡುವವರಲ್ಲಿ ನಾನೂ ಒಬ್ಬಳು.

ಹೋದ ವರ್ಷ ಗುಟ್ಟಜ್ಜನ ಹಿರಿಯ ಮಗ ಬರಲಿಲ್ಲ. ಅಜ್ಜನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಗುಟ್ಟು ಕಾಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಮಗನಿಗೂ ಅದನ್ನೇ ಕಲಿಸಿದ್ದ. ಗುಡ್ಡವನ್ನೆಲ್ಲ ಜಾಲಾಡಿದೆವು, ಒಂದು ಹೆಜ್ಜೆ ಗುರುತೂ ಇಲ್ಲ. ಕೊನೆಗೆ ಸಿಕ್ಕಾಗ ಗುಂಡಿ ಕುಸಿದು ಸೊಂಟದವರೆಗೆ ಮಣ್ಣು. ಉಸಿರಿರಲಿಲ್ಲ. ಕೈಯಲ್ಲಿದ್ದ ನೀರಿನ ಬಾಟಲಿ ಖಾಲಿ. ಅಂದರೆ, ಪಾಪ, ಬಹಳ ಹೊತ್ತು ಜೀವ ಹಿಡಿದುಕೊಂಡು ಕಾದಿದ್ದ. ಅದನ್ನು ಅವನ ಹೆಂಡತಿಗೆ ಮಾತ್ರ ಹೇಳಿದೆ. ಮಗ ನರಳದೆ ಹೋದ ಎಂದೇ ಅಜ್ಜ ನಂಬಿದ್ದ.

ಮೊನ್ನೆ ಬೆಳಿಗ್ಗೆ ಅವರ ಮನೆಗೆ ಹೋದರೆ, ಕಿರಿಯ ಮಗ ಸುತ್ತಿಗೆ, ಸಲಾಕೆ ಹೆಗಲಿಗೇರಿಸಿ ಹೊರಟು ನಿಂತಿದ್ದ. ಕೈಯಲ್ಲಿ ಅದೇ ಸೊಪ್ಪಿನ ಕೊಂಬೆ! ಅವನ ಅತ್ತಿಗೆ, ಸತ್ತವನ ಹೆಂಡತಿ, ಬಾಗಿಲಿಗೆ ಅಡ್ಡ ನಿಂತಿದ್ದಳು.

"ಎಲ್ಲಿಗೆ ಅಂತ ಸಂಘದಲ್ಲಿ ಹೇಳಿ ಹೋಗಪ್ಪ," ಅಂದಳು.

"ಅದಕ್ಕಿಂತ ಡಂಗುರ ಹೊಡೆಸಿಬಿಡು!" ಅಜ್ಜ ಗದರಿದ. "ಊರ ಬಾಯಿಗೆ ಬೀಗ ಹಾಕೋಕಾಗತ್ತಾ?"

ನನಗೆ ರೇಗಿತು. "ಊರಿಗೆ ಯಾರು ಹೇಳ್ತಾರೆ ಅಜ್ಜ? ನನ್ನೊಬ್ಬಳ ಕಿವೀಲಿ ಹೇಳಿದ್ರೆ ಸಾಕು. ಕತ್ತಲಾಗೋದ್ರೊಳಗೆ ಬಂದ್ನೋ, ನಾನು ಪಿಟಕ್ ಅನ್ನಲ್ಲ. ಬರ್ಲಿಲ್ವೋ, ಹಗ್ಗ ಹಿಡ್ಕೊಂಡು ನೇರ ಅಲ್ಲಿಗೇ ಓಡ್ತೀವಿ. ಮೊದಲು ಹೇಳಿದವನದೇ ಜಾಗ ಅಂತ ಸಂಘದೋರೆಲ್ಲ ಒಪ್ಪಿದ್ದಾರೆ. ಬೇರೆ ಯಾರಾದ್ರೂ ನುಗ್ಗಿದ್ರೆ ಸಂಘವೇ ಅಡ್ಡ ನಿಲ್ಲತ್ತೆ."

"ಎಲ್ಲಾ ಹೇಳೋದು ಹೀಗೇ. ಹೆಂಗಸರ ಹೊಟ್ಟೇಲಿ ಮಾತು ನಿಲ್ಲತ್ತಾ?"

"ನಿಂತಿದೆ ಮಾವ," ಅಂದಳು ಸೊಸೆ. "ವರ್ಷದಿಂದ ನಿಂತಿದೆ. ಅವರು ತಕ್ಷಣ ಹೋಗ್ಲಿಲ್ಲ. ಬಾಟಲಿ ನೀರೆಲ್ಲ ಕುಡಿದು ಮುಗಿಯೋ ತನಕ ನಾವು ಬರ್ತೀವಿ ಅಂತ ಕಾಯ್ತಿದ್ರು. ಎಲ್ಲಿಗೆ ಹೋಗ್ಬೇಕು ಅಂತ ನಮಗೇ ಗೊತ್ತಿರ್ಲಿಲ್ಲ."

ಅಜ್ಜ ಗೋಡೆ ಹಿಡಿದು ಕೂತ.

"ಹೆಜ್ಜೆ ಅಳಿಸೋದು ನಾನೇ ಕಲಿಸಿದ್ದು," ಅಂದ. "ಎಷ್ಟು ಚೆನ್ನಾಗಿ ಕಲಿತಿದ್ದ ಅಂದ್ರೆ, ನನ್ನ ಕೈಗೇ ಸಿಗ್ಲಿಲ್ಲವಲ್ಲೋ ಮಗನೇ!"

ಅತ್ತ. ನಾವೂ ಅತ್ತೆವು. ಆಮೇಲೆ ಅವನೇ ಎದ್ದು, ಕಿರಿಯವನ ಕೈಯಿಂದ ಕೊಂಬೆ ಕಿತ್ತುಕೊಂಡು ಮುರಿದು ಒಲೆಗೆ ಹಾಕಿದ. "ಅಕ್ಕನಿಗೆ ಹೇಳಿ ಹೋಗೋ," ಅಂದ. ಕಿರಿಯವನು ನನ್ನ ಕಿವಿಯಲ್ಲಿ ಜಾಗ ಹೇಳಿ ಹೋದ.

ದಿನವೆಲ್ಲ ಅಜ್ಜ ಸಂಘದ ಮೆಟ್ಟಿಲ ಮೇಲೆ ಕೂತಿದ್ದ. ಹೊತ್ತು ಮುಳುಗುವ ಮುಂಚೆ ಕಿರಿಯವನು ಬಂದ. ಅವನು ಬಂದ ಮೇಲೂ ಅಜ್ಜ ಏಳಲಿಲ್ಲ, ಗುಡ್ಡದ ಕಡೆಗೇ ನೋಡುತ್ತಿದ್ದ.

ಗುಡ್ಡ ಹತ್ತುವ ಅಣ್ಣತಮ್ಮಂದಿರೇ, ಹೊರಡುವ ಮುಂಚೆ ಸಂಘದಲ್ಲಿ ಒಬ್ಬರಿಗೆ ಜಾಗ ಹೇಳಿ. ತಿರುಗಿ ಬಂದಾಗ 'ಬಂದೆ' ಅನ್ನಿ. ನಮ್ಮಲ್ಲಿ ಹಗ್ಗ ಇದೆ, ಓಡಿ ಬರುವ ಜನ ಇದ್ದಾರೆ. ಎಲ್ಲಿಗೆ ಬರಬೇಕೆಂದು ನೀವು ಹೇಳಿ ಹೋಗಿರಬೇಕು, ಅಷ್ಟೇ.