ಬರೀ ವಿಟಮಿನ್ನು

ಅಕ್ಕ ಮೂವತ್ತು ವರ್ಷ ನೆಲಮಾಳಿಗೆಯ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಕೂರಿಸಿದವಳು. ಬೆಳಗಾಗುವ ಮುಂಚೆ ಮೆಟ್ಟಿಲಿಳಿದರೆ ಹೊತ್ತು ಮುಳುಗಿದ ಮೇಲೇ ಹತ್ತಿ ಬರುವುದು. "ನನಗೂ ಸೂರ್ಯನಿಗೂ ಮಾತುಕತೆ ಬಿಟ್ಟುಹೋಗಿದೆ ಕಣೇ," ಎಂದು ನಗುತ್ತಿದ್ದಳು. ಅಮ್ಮ ಹೋದಾಗ ತಂಗಿಗೆ ಒಂಬತ್ತು ವರ್ಷ. ಆ ಕಾಲರುಗಳ ಮೇಲೇ ಅವಳನ್ನು ಸಾಕಿ, ಓದಿಸಿ, ಔಷಧಿ ಅಂಗಡಿಯಲ್ಲಿ ಬಿಳಿ ಕೋಟು ತೊಟ್ಟು ನಿಲ್ಲುವಂತೆ ಮಾಡಿದ್ದಳು.

ಅಂಥ ಅಕ್ಕನ ಕಾಲು ಸೋತವು. ಮೊದಲು ಸೊಂಟ ಹಿಡಿಯಿತು, ಆಮೇಲೆ ತೊಡೆಯ ಮೂಳೆಯೊಳಗೇ ನೋವು. ಕುರ್ಚಿಯಿಂದ ಏಳಲು ಭಾವ ಕೈ ಹಿಡಿಯಬೇಕಾಯಿತು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, "ಡಿ ವಿಟಮಿನ್ ತಳ ಕಂಡಿದೆ," ಎಂದು ಹಾಲಿಗೆ ಬೆರೆಸಿ ಕುಡಿಯುವ ಪುಡಿಯ ಪೊಟ್ಟಣ ಬರೆದುಕೊಟ್ಟರು. ವಾರಕ್ಕೊಂದು, ಎಂಟು ವಾರ, ಆಮೇಲೆ ಮತ್ತೆ ಪರೀಕ್ಷೆ.

ಅಂಗಡಿಗೆ ಬಂದವರಿಗೆಲ್ಲ, "ಸುಮ್ಮಸುಮ್ಮನೆ ವಿಟಮಿನ್ ನುಂಗಬೇಡಿ, ನೆಟ್ಟಗೆ ಊಟ ಮಾಡಿ," ಎನ್ನುವವಳು ತಂಗಿ. ಆದರೆ ಇದು ಬೇಕಾಗಿಯೇ ಬರೆದ ಔಷಧಿ. ಅಕ್ಕನಿಗೋ ಔಷಧಿ ಎಂದರೆ ದಿಗಿಲು.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಅಯ್ಯೋ, ಇದು ಬರೀ ವಿಟಮಿನ್ನು ಕಣಕ್ಕ. ಏನೂ ಮಾಡಲ್ಲ, ಕುಡಿ."

ಎರಡು ತಿಂಗಳಲ್ಲಿ ಅಕ್ಕ ಎದ್ದಳು. ಎದ್ದದ್ದು ಮಾತ್ರವಲ್ಲ, ಮೂರನೇ ಮಹಡಿಯ ತಂಗಿಯ ಮನೆಗೆ ಕಂಬಿ ಹಿಡಿಯದೆ ಹತ್ತಿ ಬಂದು, "ನೋಡೇ, ಕುದುರೆ!" ಎಂದು ಏದುಸಿರಲ್ಲೇ ನಕ್ಕಳು. ತಂಗಿ ಹಿಗ್ಗಿಹೋದಳು. ಆ ಹಿಗ್ಗಿನಲ್ಲಿ, ಎಷ್ಟು ವಾರ ಕುಡಿದೆ ಎಂದು ಕೇಳಲಿಲ್ಲ. ಎರಡನೇ ಪರೀಕ್ಷೆಯೂ ಇವತ್ತು ನಾಳೆ ಎಂದು ಉಳಿದೇ ಹೋಯಿತು.

ಮುಂದೆ ಕೆಲವು ತಿಂಗಳಿಗೆ ಅಕ್ಕನಿಗೆ ತೀರದ ಬಾಯಾರಿಕೆ ಶುರುವಾಯಿತು. ತಿಂದದ್ದು ನಿಲ್ಲದು. ಕಾರ್ಖಾನೆಗೆ ಮರಳಿದ್ದವಳು ಕಾಲರುಗಳನ್ನು ತಿರುವುಮುರುವು ಕೂರಿಸಿ ಮೇಸ್ತ್ರಿಯ ಕೈಲಿ ಮಾತು ಕೇಳಿದಳು. "ವಯಸ್ಸಾಯ್ತಲ್ಲ," ಎಂದಳು ಅಕ್ಕ. "ಸೆಖೆ, ನೀರು ಜಾಸ್ತಿ ಕುಡಿ," ಎಂದಳು ತಂಗಿ. ಊರಿಗೆಲ್ಲ ಬುದ್ಧಿ ಹೇಳುವವಳ ದೀಪದ ಬುಡದಲ್ಲೇ ಕತ್ತಲೆ. ಒಂದು ಬೆಳಿಗ್ಗೆ ಭಾವನ ಫೋನು ಬಂತು: "ಬೇಗ ಬಾಮ್ಮ. ನನ್ನನ್ನೇ ಯಾರು ನೀನು ಅಂತಿದಾಳೆ."

ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿತ್ತು, ಕಿಡ್ನಿ ಕೆಟ್ಟಿದ್ದವು. ಭಾವ ಮನೆಯಿಂದ ತಂದ ಚೀಲದ ತುಂಬ ಅದೇ ಪುಡಿಯ ಖಾಲಿ ಪೊಟ್ಟಣಗಳು. ವಾರಕ್ಕೊಂದನ್ನು ಅಕ್ಕ ದಿನಕ್ಕೊಂದು ಮಾಡಿಕೊಂಡು ಐದು ತಿಂಗಳಾಗಿತ್ತು. ತಂಗಿ ಇಲ್ಲದ ಹೊತ್ತಿನಲ್ಲಿ ಕೊಟ್ಟವರು ಅವಳ ಅಂಗಡಿಯ ಜೊತೆಗಾರರೊಬ್ಬರೇ.

"ನಿಮ್ಮಕ್ಕ ಅಲ್ವಾ ಮೇಡಂ, ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ," ಎಂದು ಅವರು ತಲೆ ತಗ್ಗಿಸಿದರು.

ನಾಲ್ಕನೇ ದಿನ ಅಕ್ಕನಿಗೆ ತಿಳಿವು ಮರಳಿತು. "ಏನೂ ಮಾಡಲ್ಲ ಅಂದಿದ್ಯಲ್ಲೇ," ಎಂದಳು. ದೂರಿದ್ದಲ್ಲ, ಅರ್ಥವಾಗದೆ ಕೇಳಿದ್ದು. "ವಾರಕ್ಕೊಂದು ಕುಡಿದೇ ಎದ್ದು ನಿಂತೆ. ದಿನಾ ಕುಡಿದ್ರೆ ಓಡಾಡ್ತೀನಿ ಅಂದ್ಕೊಂಡೆ."

ತಂಗಿ ಮಂಚದ ಅಂಚಿಗೆ ಹಣೆಯಿಟ್ಟಳು. "ತಪ್ಪಾಯ್ತಕ್ಕ. ನಿನಗೆ ಅರ್ಧ ಮಾತ್ರ ಹೇಳಿದೆ. ಹೆಚ್ಚಾದ್ರೆ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡುತ್ತೆ ಅನ್ನಲಿಲ್ಲ."

ಅಕ್ಕ ಸೂಜಿ ಚುಚ್ಚಿದ ಕೈಯನ್ನೇ ಎತ್ತಿ ಅವಳ ತಲೆ ಸವರಿದಳು.

ಕಿಡ್ನಿ ಮತ್ತೆ ಸುಧಾರಿಸಲಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಮೂರು ತಿಂಗಳು. ಕೊನೆಗೆ ಸೋಂಕು ತಗುಲಿ ಒಂದು ಮಧ್ಯಾಹ್ನ ಅಕ್ಕ ತೀರಿಕೊಂಡಳು.

ಬಂದವರೆಲ್ಲ ಹೋದ ಮೇಲೆ ಭಾವ ಕೇಳಿದರು: "ಆ ಪುಡಿ ಕೊಡದೇ ಇದ್ದಿದ್ರೆ ಇರ್ತಿದ್ಲು ಅಲ್ವಾ?"

ತಂಗಿ ಹೌದೆಂದಷ್ಟೇ ಹೇಳಿ ಮುಗಿಸಬಹುದಿತ್ತು. "ಇರ್ತಿದ್ಲು ಭಾವ. ಆದರೆ ಕುರ್ಚಿ ಬಿಟ್ಟು ಏಳ್ತಿರಲಿಲ್ಲ. ಪುಡಿ ಬೇಕಿತ್ತು. ಕೊಟ್ಟ ಮೇಲೆ ನಾನು ತಿರುಗಿ ನೋಡಲಿಲ್ಲ."

ಭಾವ ಎದ್ದು ಹೋಗಿ ಬಾಗಿಲಲ್ಲಿ ನಿಂತರು. ತಿರುಗದೆಯೇ, "ಊಟ ಆಯ್ತೇನಮ್ಮ?" ಎಂದರು. ಇಲ್ಲವೆಂದಳು. ಇಬ್ಬರೂ ತಟ್ಟೆ ಹಾಕಿಕೊಂಡು ಕೂತರು.